ಮೂರನೇ ರಿಂಗು

ನನ್ನ ಬಾಯಿ ಸರಿಯಿಲ್ಲವೆಂದು ಊರಿಗೆಲ್ಲ ಗೊತ್ತು. ಇಪ್ಪತ್ತಾರು ವರ್ಷಗಳಿಂದ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದೇನೆ. ಬಾಯಿ ಸರಿಯಿದ್ದಿದ್ದರೆ ಇಷ್ಟರೊಳಗೆ ಯಾವುದೋ ಕಂಬಕ್ಕೆ ಹೊಡೆಸಿಕೊಂಡು ಸತ್ತೇ ಹೋಗಿರುತ್ತಿದ್ದೆ. ನಮ್ಮ ಕಲಿಕೆಯ ಕಾರಿನಲ್ಲಿ ನಾನು ಕೂರುವ ಕಡೆಗೂ ಒಂದು ಬ್ರೇಕ್ ಇದೆ. ಕಲಿಯುವವರು ತಪ್ಪಿದರೆ ಮೊದಲು ಅದನ್ನು ಒತ್ತುತ್ತೇನೆ, ಆಮೇಲೆ ಬೈಯುತ್ತೇನೆ. ಅದಕ್ಕೇ ಹುಡುಗರು ಬೆನ್ನ ಹಿಂದೆ ನನ್ನನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಾರೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ, ಪಾಪ.

ನನ್ನ ಸೀಟಿನ ಕೆಳಗೆ ಬಿಸ್ಕತ್ತಿನ ಹಳೇ ಡಬ್ಬಿಯೊಂದಿದೆ. ಕಾರು ಹತ್ತುವ ಮುಂಚೆ ಎಲ್ಲರ ಫೋನೂ ಅದರೊಳಗೆ ಬೀಳಬೇಕು. "ಸಾರ್, ಸೈಲೆಂಟಲ್ಲಿದೆ" ಎಂದು ರಾಗ ಎಳೆದವನಿಗೆ, "ನೀನೂ ಸೈಲೆಂಟಾಗು, ಡಬ್ಬಿಗೆ ಹಾಕು" ಎನ್ನುತ್ತೇನೆ. ಹಿಂದಿನ ದಿನದ ಪಾರ್ಟಿಯ ವಾಸನೆ ಬಾಯಲ್ಲಿ ಇಟ್ಟುಕೊಂಡು ಬಂದವರನ್ನು ಹತ್ತಿಸುವುದೇ ಇಲ್ಲ. "ಮನೆಗೆ ಹೋಗಿ ಮಲಗಪ್ಪ. ನಿನ್ನ ಹೊತ್ಕೊಂಡು ಹೋಗೋಕೆ ನಾಲ್ಕು ಜನ ಬೇಕು, ಇಲ್ಲಿ ನಾನೊಬ್ನೇ ಇರೋದು" ಎಂದು ವಾಪಸು ಕಳಿಸುತ್ತೇನೆ.

ಇಷ್ಟೆಲ್ಲ ಸ್ಕೂಲಿನಲ್ಲಿ. ಮನೆಯಲ್ಲಿ ಬೇರೆಯೇ ಕಾನೂನು ಮಾಡಿಟ್ಟಿದ್ದೆ.

ಮಗಳಿಗೆ ಇಪ್ಪತ್ತು ವರ್ಷ. ಗುಬ್ಬಿ ಎಂದು ಕರೆಯುತ್ತೇವೆ. ಔಷಧಿ ಅಂಗಡಿಯಲ್ಲಿ ಕೆಲಸ, ಓಡಾಡಲು ಒಂದು ಹಳೆಯ ಪುಟ್ಟ ಕಾರು. ಲೈಸೆನ್ಸ್ ಸಿಕ್ಕಿ ಎಂಟು ತಿಂಗಳಾಗಿತ್ತು. ಕಲಿಸಿದವನು ನಾನೇ. ಒಂದು ದಿನ ಅವಳು ಮನೆಗೆ ಬರುವುದು ತಡವಾಯಿತು, ಫೋನೂ ಎತ್ತಲಿಲ್ಲ. ಅವಳಮ್ಮ ಅತ್ತು ಕರೆದು ರಂಪ ಮಾಡಿದಳು. ಅವತ್ತೇ ಅಪ್ಪಣೆ ಹೊರಡಿಸಿದೆ. "ನಾನು ಫೋನ್ ಮಾಡಿದ್ರೆ ಮೂರನೇ ರಿಂಗಿಗೆ ಎತ್ಬೇಕು. ನಾಲ್ಕನೇದಕ್ಕೆ ಹೋಯ್ತೋ, ಕಾರಿನ ಕೀ ನನ್ನ ಜೇಬಿಗೆ."

ಆಮೇಲೆ ಅವಳು ಎಲ್ಲಿದ್ದರೂ ಎತ್ತುತ್ತಿದ್ದಳು. ಮಗಳನ್ನು ಎಷ್ಟು ಹದ್ದುಬಸ್ತಿನಲ್ಲಿ ಇಟ್ಟಿದ್ದೇನೆ ನೋಡಿ ಎಂದು ನಾಲ್ಕು ಜನರೆದುರು ಫೋನ್ ಮಾಡಿ ತೋರಿಸಿದ್ದೂ ಉಂಟು. ಥೂ, ನನ್ನ ಜನ್ಮಕ್ಕೆ.

ಅವತ್ತು ಮಂಗಳವಾರ, ಸಂಜೆ ನಾಲ್ಕೂವರೆ. ಕಲಿಕೆಯ ಕಾರಿನ ಹಿಂದಿನ ಗಾಜಿನ ಮೇಲಿದ್ದ ಕೆಂಪು 'ಎಲ್' ಕಿತ್ತು ಬಂದಿತ್ತು. ಮತ್ತೆ ಅಂಟಿಸಲು ಕೆಂಪು ಟೇಪು ಹುಡುಕಿದೆ, ಸಿಗಲಿಲ್ಲ. ಹಿಂದಿನ ಭಾನುವಾರ ಆಫೀಸು ಒಪ್ಪ ಮಾಡಿದವಳು ಗುಬ್ಬಿ. ಸಿಟ್ಟು ನೆತ್ತಿಗೇರಿತು. ಫೋನ್ ಮಾಡಿದೆ. ಮೂರನೇ ರಿಂಗಿಗೆ ಎತ್ತಿದಳು. ಕಿಟಕಿಯಾಚೆ ರಸ್ತೆ ಅಗೆಯುವ ಯಂತ್ರ ಗರಗರ ಅನ್ನುತ್ತಿತ್ತು.

"ಅಪ್ಪಾ, ಗಾಡಿ ಓಡಿಸ್ತಿದೀನಿ."

"ಆ ಕೆಂಪು ಟೇಪ್ ಎಲ್ಲಿಟ್ಟೆ?"

"ನಿಮ್ಮ ಮೇಜಿನ ಡ್ರಾಯರಲ್ಲಿದೆ."

"ಯಾವ ಡ್ರಾಯರು? ಎಡಗಡೇದಾ, ಬಲಗಡೇದಾ?"

"ಓಡಿಸ್ತಿದೀನಿ ಅಪ್ಪಾ, ಆಮೇಲೆ ಮಾಡ್ತೀನಿ."

ಕೇಳಿಸಿತು. ಯಂತ್ರದ ಸದ್ದಿನಲ್ಲೂ ಚೆನ್ನಾಗಿಯೇ ಕೇಳಿಸಿತು. ಅರ್ಧ ನಿಮಿಷದಲ್ಲಿ ಯಾರ ಪ್ರಾಣ ಹೋಗುತ್ತದೆ ಎಂದುಕೊಂಡೆ.

"ಯಾವ ಡ್ರಾಯರು ಅಂತ ಕೇಳ್ದೆ."

"ಬಲಗಡೆ. ಮೇಲಿಂದ ಎರಡನೇದು. ಪಂಚಿಂಗ್ ಮಷೀನಿನ ಹಿಂದೆ ಇರ್ಬೇಕು..."

ಮಗಳು ಆ ಹೊತ್ತು ರಸ್ತೆ ನೋಡುತ್ತಿರಲಿಲ್ಲ. ಕಣ್ಣು ಮುಂದೆಯೇ ಇದ್ದಿರಬಹುದು, ಆದರೆ ಅವಳು ನೋಡುತ್ತಿದ್ದುದು ನನ್ನ ಡ್ರಾಯರನ್ನು. ಟೈರು ಕಿರುಚಿದ್ದು ಕೇಳಿಸಿತು, ಬೆನ್ನಿಗೇ ಒಂದು ಸದ್ದು. ಮೇಜಿನ ಕೆಳಗೆ ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತಿತು. ಅಲ್ಲಿದ್ದದ್ದು ಕಸದ ಬುಟ್ಟಿ. ಅದು ಅಪ್ಪಚ್ಚಿಯಾಯಿತು.

ಕಾರಿಗೆ ಸಿಕ್ಕಿದವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ಹ್ಯಾಂಗರಿಗೆ ಹಾಕಿದ ಮೂರು ಅಂಗಿ ಹಿಡಿದುಕೊಂಡು ಬಿಳಿ ಪಟ್ಟೆಯ ಮೇಲೇ ರಸ್ತೆ ದಾಟುತ್ತಿದ್ದಳಂತೆ. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ಗಂಡ ಬೀಗ ರಿಪೇರಿಯವನು. ನಮ್ಮ ಸ್ಕೂಲಿನ ಕಾರುಗಳ ಡೂಪ್ಲಿಕೇಟ್ ಕೀಗಳನ್ನೆಲ್ಲ ಮಾಡಿಕೊಟ್ಟವನು ಅವನೇ.

ಠಾಣೆಯಲ್ಲಿ ಗುಬ್ಬಿ ತಡವರಿಸದೆ ಬರೆಸಿದಳು. "ಫೋನ್ ಬಂತು, ಎತ್ತಿದೆ. ತಪ್ಪು ನಂದೇ. ಓಡಿಸ್ತಿದೀನಿ ಅಂತ ಅಪ್ಪನಿಗೆ ಹೇಳಿದೆ, ಅವರಿಗೆ ಕೇಳಿಸ್ಲಿಲ್ಲ." ಅಧಿಕಾರಿ ನನ್ನ ಕಡೆ ತಿರುಗಿ, "ಹೌದೇನ್ರಿ?" ಎಂದ.

"ಆಫೀಸಿನ ಹೊರಗೆ ರಸ್ತೆ ಅಗೀತಿದ್ರು, ಸಾರ್" ಎಂದೆ.

ಸುಳ್ಳಲ್ಲ, ಅಗೆಯುತ್ತಿದ್ದರು. ಅವನು ತನಗೆ ತಿಳಿದಂತೆ ಬರೆದುಕೊಂಡ, ನಾನು ಸಹಿ ಹಾಕಿದೆ. ಮಗಳು ಅಪ್ಪನನ್ನು ಉಳಿಸಲು ಸುಳ್ಳು ಹೇಳಿದಳಲ್ಲ ಎಂದು ಕರುಳು ಚುರುಕ್ಕೆಂದಿತು. ಅದರ ಹಿಂದೆಯೇ, ಸದ್ಯ ಸ್ಕೂಲಿಗೆ ಬೀಗ ಬೀಳುವುದು ತಪ್ಪಿತು ಎಂದೂ ಅನ್ನಿಸಿತು. ಎರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಮುಚ್ಚಿಟ್ಟು ಏನು ಮಾಡಲಿ?

ಗುಬ್ಬಿ ಆಮೇಲೆ ಕೆಲಸಕ್ಕೆ ಹೋಗಲಿಲ್ಲ. ಅಡುಗೆಮನೆಯ ಮೇಜಿನ ಹತ್ತಿರ ಕೂತಿರುತ್ತಿದ್ದಳು. ಅವಳಮ್ಮ ತಟ್ಟೆ ಮುಂದಿಟ್ಟರೆ ನಾಲ್ಕು ತುತ್ತು, ಇಲ್ಲದಿದ್ದರೆ ಅದೂ ಇಲ್ಲ. ಮಧ್ಯಾಹ್ನ ಊಟ ಮಾಡಿದೆಯಾ ಎಂದು ಕೇಳಲು ನಾನು ಸ್ಕೂಲಿನಿಂದ ಫೋನ್ ಮಾಡಿದರೆ ಮೊದಲನೇ ರಿಂಗಿಗೇ ಎತ್ತುತ್ತಿದ್ದಳು. ಫೋನಿನೊಳಗಿಂದ ಅವಳ ಏದುಸಿರು ಕೇಳಿಸುತ್ತಿತ್ತು.

ಐದು ವಾರ ಕಳೆದ ಮೇಲೆ ಬೀಗದವನು ಸ್ಕೂಲಿಗೆ ಬಂದ. ಆರು ಜನ ಹೊಸಬರಿಗೆ ಮೊದಲ ದಿನದ ಪಾಠ ನಡೆದಿತ್ತು. ಡಬ್ಬಿ ಒಬ್ಬರಿಂದೊಬ್ಬರಿಗೆ ದಾಟುತ್ತಿತ್ತು. ಅವನು ಹಿಂದಿನ ಬೆಂಚಿನಲ್ಲಿ ಸಾಮಾನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ. ಶುರು ಮಾಡಿದ್ದನ್ನು ನಿಲ್ಲಿಸಲು ಗೊತ್ತಾಗದೆ ನಾನು ಒದರುತ್ತಲೇ ಹೋದೆ. ಫೋನು ಕೈಯಲ್ಲಿದ್ದರೆ ಅದು ಗಾಡಿ ಓಡಿಸುವುದಲ್ಲ, ಗಾಡಿಯನ್ನು ರಸ್ತೆಯಲ್ಲಿ ಬಿಟ್ಟು ಎದ್ದುಹೋದಂತೆ, ಅದೂ ಇದೂ. ಮುಗಿಯುವ ತನಕ ಕಾದು ಅವನು ಎದ್ದುನಿಂತ.

"ಚೆನ್ನಾಗಿ ಹೇಳ್ತೀರಿ ಮೇಷ್ಟ್ರೇ" ಎಂದ. ದನಿ ಏರಿಸಲಿಲ್ಲ. "ನಿಮ್ಮ ಮಗಳು ಬರೆಸಿದ್ದನ್ನ ನಂಗೆ ಓದಿ ಹೇಳಿದ್ರು. ಅವತ್ತಿಂದ ಆ ಹುಡುಗಿಗೆ ಶಾಪ ಹಾಕ್ತಿದೀನಿ. ಎದ್ದಾಗ ಒಂದ್ಸಲ, ಮಲಗೋವಾಗ ಒಂದ್ಸಲ. ನನ್ನ ಹೆಂಡ್ತಿ ಇದ್ದಿದ್ರೆ, ಚಿಕ್ಕ ಹುಡುಗಿ ಬಿಡಿ ಅಂತಿದ್ಲು. ಅದಕ್ಕೇ ಕೇಳೋಣ ಅಂತ ಬಂದೆ. ಅವಳು ಹೇಳಿದ್ದು ನಿಮಗೆ ಕೇಳಿಸ್ಲಿಲ್ವಾ? ನನ್ನ ಶಾಪ ಹೋಗ್ಬೇಕಾದ ಕಡೆ ಹೋಗ್ಲಿ, ಅಷ್ಟೇ."

ಆರು ಜನ ನನ್ನನ್ನೇ ನೋಡುತ್ತಿದ್ದರು. ಯಂತ್ರದ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅವನು ಮನೆಗೆ ಹೋಗಿ ಇವತ್ತು ಮಲಗುವಾಗ ಮತ್ತೆ ನನ್ನ ಮಗುವಿಗೆ ಶಾಪ ಹಾಕುತ್ತಾನಲ್ಲ ಎನ್ನಿಸಿತು.

"ಕೇಳಿಸ್ತು" ಎಂದೆ.

ಅವನು ತಲೆಯಾಡಿಸಿ, ಚೀಲ ಹೆಗಲಿಗೇರಿಸಿ ಹೊರಟುಹೋದ. ಹೊಸಬರು ಒಬ್ಬೊಬ್ಬರಾಗಿ ಬಂದು ಡಬ್ಬಿಯಿಂದ ಫೋನ್ ತೆಗೆದುಕೊಂಡರು. ಕೊನೆಯವಳು ಡಬ್ಬಿಯ ಮುಚ್ಚಳ ಹಾಕಿ ಹೋದಳು.

ನೆಟ್ಟಗೆ ಠಾಣೆಗೆ ಹೋಗಿ ಬರೆಸಿದೆ. "ಇದನ್ನ ಅವತ್ತೇ ಬೊಗಳೋಕೆ ಏನಾಗಿತ್ತು?" ಎಂದ ಅಧಿಕಾರಿ. ನಾನಾಗಿದ್ದರೂ ಹಾಗೇ ಕೇಳುತ್ತಿದ್ದೆ. ಮಗಳ ಮೇಲಿನ ಕೇಸು ಇದರಿಂದ ಹೋಗುವುದಿಲ್ಲ ಎಂದೂ ಹೇಳಿದ. ಆದರೂ ಮನೆಯ ಕಡೆ ನಡೆಯುವಾಗ ಎದೆ ಸ್ವಲ್ಪ ಹಗುರಾಗಿತ್ತು. ಅವಳೊಬ್ಬಳೇ ಹೊತ್ತದ್ದರಲ್ಲಿ ಅರ್ಧವನ್ನಾದರೂ ಇಳಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಗುಬ್ಬಿ ಅದೇ ಮೇಜಿನ ಹತ್ತಿರ ಕೂತಿದ್ದಳು. ಎದುರಿಗೆ ಕುರ್ಚಿ ಎಳೆದುಕೊಂಡೆ.

"ನನ್ನನ್ನ ಉಳಿಸೋಕೆ ಅಂತ ನೀನು ಸುಳ್ಳು ಹೇಳಿದ್ಯಲ್ಲ ಮಗಳೇ, ಇನ್ನು ಅದು ಬೇಡ. ನಿಜ ಬರೆಸಿ ಬಂದೆ."

"ಯಾವ ಸುಳ್ಳು?"

"ಅದೇ, ನಂಗೆ ಕೇಳಿಸ್ಲಿಲ್ಲ ಅಂತ ಬರೆಸಿದ್ಯಲ್ಲ."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಐದು ವಾರಗಳಲ್ಲಿ ಸರಿಯಾಗಿ ನೋಡಿದ್ದು ಅದೇ ಮೊದಲು.

"ನಾನು ಸುಳ್ಳು ಹೇಳ್ಲಿಲ್ಲ ಅಪ್ಪಾ. ನಿಮಗೆ ಕೇಳಿಸ್ಲಿಲ್ಲ ಅಂತಾನೇ ಅಂದ್ಕೊಂಡಿದ್ದೆ. ಕೇಳಿಸಿದ್ರೆ ನೀವು ಫೋನ್ ಇಟ್ಬಿಡ್ತಿದ್ರಿ. ನಮ್ಮಪ್ಪ ಇಟ್ಬಿಡ್ತಾರೆ ಅಂತ ನಂಗೊತ್ತಿತ್ತು."

ಮೇಜಿನ ಮೇಲಿದ್ದ ಅವಳ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಎರಡು ಸಲ ಹೇಳಿದ್ದೆ" ಎಂದಳು.

"ಎರಡು ಸಲಾನೂ ಕೇಳಿಸ್ತು."

ಗುಬ್ಬಿ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಲಿಲ್ಲ.

ಮಾರನೆಯ ದಿನ ಸ್ಕೂಲಿಗೆ ಯಾರೂ ಬರಲಿಲ್ಲ. ಮಧ್ಯಾಹ್ನ ಆಫೀಸಿನಲ್ಲಿ ಒಬ್ಬನೇ ಕೂತು, ಊಟ ಮಾಡಿದಳೋ ಇಲ್ಲವೋ ಎಂದು ಅವಳಿಗೆ ಫೋನ್ ಮಾಡಿದೆ. ಒಂದಾಯಿತು, ಎರಡಾಯಿತು. ಮೂರಾಯಿತು. ನಾಲ್ಕನೆಯದೂ ಆಯಿತು. ಕಿವಿಗೆ ಹಿಡಿದುಕೊಂಡೇ ಇದ್ದೆ. ಅದು ಕೊನೆಯವರೆಗೂ ರಿಂಗಾಗಿ ತಾನಾಗಿಯೇ ನಿಂತಿತು.