ಟೈಲರಮ್ಮ ಹೋದರು

ಗಡಿಯ ಈಚೆ ಎಚ್‌ಐವಿ ಇರುವವರಿಗಾಗಿ ಕೆಲಸ ಮಾಡುವ ಸಂಸ್ಥೆ ನಮ್ಮದು, ಆಚೆ ಅಂಥದ್ದೇ ಇನ್ನೊಂದು. ಎರಡನ್ನೂ ಜೋಡಿಸುವ ಘನಕಾರ್ಯ ನನ್ನ ಹೆಗಲಿಗೆ ಬಿದ್ದಿತ್ತು. ಬಿದ್ದಿತ್ತು ಅನ್ನುವುದು ಸುಳ್ಳು, ನಾನೇ ಮುಂದೆ ಬಿದ್ದು ಹೊತ್ತುಕೊಂಡಿದ್ದೆ. ಅಂದಿನಿಂದ ನನ್ನ ನಡಿಗೆಯೇ ಬದಲಾಯಿತು. ಹಾಲು ತರಲು ಹೊರಟರೂ ರಾಯಭಾರಿಯ ಗತ್ತು. ಆ ಸಹಭಾಗಿತ್ವ ಸ್ವಲ್ಪ ಅಡುಗೆಮನೆ ಕಡೆಗೂ ಬರಲಿ ಎಂದು ಹೆಂಡತಿ ತೊಳೆಯದ ಪಾತ್ರೆಗಳನ್ನು ತೋರಿಸುತ್ತಿದ್ದಳು. ನಾನು ಕೇಳಿಸದವನಂತೆ ಒಪ್ಪಂದದ ಕರಡು ತಿದ್ದುತ್ತಿದ್ದೆ.

ಒಪ್ಪಂದದ ತಿರುಳು ಸರಳ. ಈ ಕಾಯಿಲೆಯ ಮಾತ್ರೆಯನ್ನು ಒಂದು ದಿನವೂ ಬಿಡುವಂತಿಲ್ಲ. ಕೆಲಸಕ್ಕೋ ನೆಂಟರ ಮನೆಗೋ ಗಡಿ ದಾಟಿದವರಿಗೆ ಆಚೆಯವರು ಮಾತ್ರೆ ಕೊಡಬೇಕು, ಅಲ್ಲಿಂದ ಬಂದವರಿಗೆ ನಾವು. ಇಷ್ಟು ಹೇಳುವುದಕ್ಕೆ ನಾನು ಪುಟಗಟ್ಟಲೆ ಬರೆದೆ. ಎರಡೂ ಕಡೆ ಭಾಷೆ ಒಂದೇ ಆದ್ದರಿಂದ ಅಪಾರ್ಥಕ್ಕೆ ಎಡೆಯೇ ಇಲ್ಲ ಎಂದು ಮುನ್ನುಡಿಯಲ್ಲಿ ಬೇರೆ ಕೊಚ್ಚಿಕೊಂಡಿದ್ದೆ.

ಮೊದಲು ದಾಟಿದವರು ಟೈಲರಮ್ಮ. ನಮ್ಮ ಬೀದಿಯ ತಿರುವಿನಲ್ಲಿ ಅವರ ಹೊಲಿಗೆ ಅಂಗಡಿ. ಅಳತೆ ಟೇಪು ಸದಾ ಕೊರಳಲ್ಲಿ, ಗುಂಡುಸೂಜಿ ತುಟಿಗಳ ನಡುವೆ, ಹಾಗಾಗಿ ಮಾತು ಕಡಿಮೆ. ಆಚೆ ಇರುವ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತನ ಮುಗಿಸಿ ಬರಲು ತಿಂಗಳುಗಳೇ ಬೇಕು, ನಮ್ಮಲ್ಲಿ ದಾಸ್ತಾನು ಕಡಿಮೆಯಿದ್ದುದರಿಂದ ಅವರ ಕೈಗೆ ಸಿಕ್ಕಿದ್ದು ಕೆಲವೇ ದಿನಗಳ ಮಾತ್ರೆ. ಅಲ್ಲಿ ಕೊಡುತ್ತಾರಲ್ಲವೇ ಎಂದು ಕೇಳಿದರು. ನಾನಿದ್ದೇನಲ್ಲ ಎಂದು ಎದೆ ತಟ್ಟಿಕೊಂಡೆ.

ಆಚೆಯ ಸಂಸ್ಥೆಯಲ್ಲೂ ನನ್ನಂಥವರೇ ಒಬ್ಬ ಸಂಯೋಜಕರು. ಟೈಲರಮ್ಮನಿಗೆಂದು ಮಾತ್ರೆ ತೆಗೆದಿಟ್ಟಿರುವುದಾಗಿ ಅವರು ಮೊದಲೇ ತಿಳಿಸಿದ್ದರು. ಟೈಲರಮ್ಮ ಬಸ್ಸು ಹತ್ತಿದ ದಿನ ನಾನು ಆ ಸಂಯೋಜಕರ ಫೋನಿಗೆ ಬರೆದು ಕಳಿಸಿದೆ: "ನಮ್ಮ ಟೈಲರಮ್ಮ ಇವತ್ತು ಬೆಳಿಗ್ಗೆ ಹೋದರು." ನಮ್ಮ ಆಫೀಸಿನಲ್ಲಿ ಗಡಿ ದಾಟಿದವರಿಗೆಲ್ಲ ಹೀಗೇ ಹೇಳುವುದು. ಲಾರಿ ಡ್ರೈವರ್ ಹೋದ, ಗಾರೆಯವನು ಹೋದ, ಅಂದರೆ ಆಚೆ ಹೋದ. ಕೂಡಲೇ ಉತ್ತರ ಬಂತು: "ವಿಷಯ ತಿಳಿಯಿತು. ಈ ಹೊತ್ತಿನಲ್ಲಿ ನಿಮ್ಮ ಜೊತೆಗಿದ್ದೇವೆ." ಸಹಭಾಗಿತ್ವವೆಂದರೆ ಹೀಗಿರಬೇಕು ಎಂದು ಅದನ್ನು ಆಫೀಸಿನವರಿಗೆಲ್ಲ ಓದಿ ಹೇಳಿದೆ. ಎಲ್ಲರೂ ತಲೆದೂಗಿದರು. ನಮ್ಮ ತಲೆಗಳಿಗೆ ತೂಗುವುದು ಚೆನ್ನಾಗಿ ಬರುತ್ತದೆ.

ಆ ವಾರದ ಜಂಟಿ ಸಭೆ ಕಂಪ್ಯೂಟರ್ ಪರದೆಯ ಮೇಲೆ ನಡೆಯಿತು. ಶುರುವಿನಲ್ಲೇ ಆಚೆಯ ಸಂಯೋಜಕರು, ನಮ್ಮನ್ನು ಅಗಲಿದವರಿಗಾಗಿ ಒಂದು ನಿಮಿಷ ಮೌನ ಎಂದು ಎದ್ದು ನಿಂತರು. ಅಗಲಿದ್ದು ಯಾರು ಎಂದು ಕೇಳಬಹುದಿತ್ತು. ಕೇಳಿದರೆ ನನಗೆ ಗೊತ್ತಿಲ್ಲವೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದಲ್ಲ. ಅವರ ಸಭೆಯ ರೂಢಿಯಿರಬೇಕು ಎಂದುಕೊಂಡು ಎಲ್ಲರಿಗಿಂತ ಹೆಚ್ಚು ತಲೆ ತಗ್ಗಿಸಿ ನಿಂತೆ. ನಿಮಿಷ ಮುಗಿದರೂ ಅವರು ಕೂರಲಿ ಎಂದು ನಾನು, ನಾನು ಕೂರಲಿ ಎಂದು ಅವರು. ಕೊನೆಗೆ ಕಾಲು ಸೋತು ಅವರೇ ಕೂತರು. ಏನೋ ಗೆದ್ದವನಂತೆ ಮನೆಗೆ ಬಂದೆ.

ಮಾರನೆಯ ಸಂಜೆ ಟೈಲರಮ್ಮನ ಫೋನು.

"ಸಾರ್, ನಾನು ತೀರ್ಕೊಂಡಿದ್ದೀನಂತೆ. ನನಗೆ ಅಂತ ಇಟ್ಟಿದ್ದ ಮಾತ್ರೆ ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆ. ನನ್ನ ಹತ್ರ ಇವತ್ತಿನ ಮಾತ್ರೆನೇ ಕೊನೇದು."

ನನಗೆ ತಲೆಬುಡ ತಿಳಿಯಲಿಲ್ಲ. ನಾನು ಬರೆದದ್ದನ್ನು ಹೆಂಡತಿಗೆ ಓದಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ನಿಮ್ಮ ತಾತ ಹೋದ್ರು ಅಂತ ಫೋನ್ ಬಂದಾಗ, ಎಲ್ಲಿಗೆ ಅಂತ ಕೇಳಿದ್ರಾ?"

ಆಚೆಯ ಸಂಯೋಜಕರಿಗೆ ಫೋನು ಮಾಡಿದೆ. ಅವರು ನಾಚಿ ನೀರಾದರು. ಆದರೆ ಪಟ್ಟಿಯಿಂದ ತೆಗೆದ ಹೆಸರನ್ನು ಮತ್ತೆ ಸೇರಿಸಬೇಕಾದರೆ ಎರಡೂ ಕಡೆಯವರ ಸಭೆ ಒಪ್ಪಬೇಕಂತೆ, ಸಭೆ ಇರುವುದು ಮುಂದಿನ ತಿಂಗಳಂತೆ. ಆ ನಿಯಮ ಬರೆದ ಮಹಾನುಭಾವ ನಾನೇ. ತುಂಬ ಬಿಗಿಯಾಗಿ ಬರೆದಿದ್ದೀರಿ ಎಂದು ಅವರು ಹೊಗಳಿದರು ಕೂಡ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಯಾರಾದರೂ ಕೇಳಿದರೆ ನೀವೂ ಹೋದಿರಿ ಅಂತ ಹೇಳಲೇ ಎಂದು ಹೆಂಡತಿ ಬಾಗಿಲಲ್ಲಿ ಕೇಳಿದಳು. ನಗು ಬರಲಿಲ್ಲ. ದಾರಿಯುದ್ದಕ್ಕೂ ಹೆದರಿಕೆ. ವರ್ಷಗಟ್ಟಲೆ ಒಂದು ದಿನವೂ ತಪ್ಪಿಸದೆ ಕಾಯಿಲೆಯನ್ನು ಹದ್ದುಬಸ್ತಿನಲ್ಲಿಟ್ಟ ಹೆಂಗಸಿಗೆ ನನ್ನ ಒಂದು ಸಾಲಿನಿಂದ ಇವತ್ತು ಮಾತ್ರೆ ತಪ್ಪಬಹುದಿತ್ತು.

ಆಚೆಯ ಆಫೀಸಿಗೆ ಆಗತಾನೇ ಫಿನಾಯಿಲ್ ಹಾಕಿ ಒರೆಸಿದ್ದರು. ಹೊರಗಿನ ಬೆಂಚಿನ ತುದಿಯಲ್ಲಿ ಟೈಲರಮ್ಮ ಕೂತಿದ್ದರು. ಅವರ ಮುಖ ನೋಡಲಾಗದೆ ನೆಟ್ಟಗೆ ಸಂಯೋಜಕರ ಕೋಣೆಗೆ ನುಗ್ಗಿದೆ. ಈಚೆಯವನು ನಾನಿದ್ದೇನೆ, ಆಚೆಯವರು ನೀವಿದ್ದೀರಿ, ಇದೇ ಸಭೆ ಎಂದೆ. ಇಬ್ಬರು ಸಾಕೇ ಎಂದು ಅವರು ಒಪ್ಪಂದ ತಿರುವಿ ಹಾಕಿದರು. ಸಭೆಗೆ ಎಷ್ಟು ಜನ ಇರಬೇಕೆಂದು ಬರೆಯಲು ನಾನು ಮರೆತಿದ್ದೆ. ಅಷ್ಟು ಪುಟಗಳಲ್ಲಿ ಉಪಯೋಗಕ್ಕೆ ಬಂದದ್ದು ಬರೆಯದೆ ಬಿಟ್ಟ ಆ ಒಂದು ಮಾತು. ಹೆಸರು ಸೇರಿತು, ಮಾತ್ರೆ ಬಂತು.

ಟೈಲರಮ್ಮನನ್ನು ಒಳಗೆ ಕರೆದರು. ಅವರು ಬಾಗಿಲಿಗೆ ಬರುತ್ತಿದ್ದಂತೆ ನಾವಿಬ್ಬರೂ ತಪ್ಪಿತಸ್ಥರಂತೆ ಎದ್ದು ನಿಂತೆವು. ಸಂಯೋಜಕರು ಕ್ಷಮೆ ಕೇಳುವ ಭರದಲ್ಲಿ ಮೌನ ಆಚರಿಸಿದ್ದನ್ನೂ ಹೇಳಿಬಿಟ್ಟರು. ಬೈಯುತ್ತಾರೆ, ಬೈಯಲಿ ಎಂದುಕೊಂಡೆ. ಟೈಲರಮ್ಮ ಮೊದಲು ಮಾತ್ರೆ ನುಂಗಿ, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಾನು ಪಕ್ಕ ಕೂತ್ರೆ ಎದ್ದು ಹೋಗೋರನ್ನ ಬೇಕಾದಷ್ಟು ನೋಡಿದ್ದೀನಿ ಸಾರ್. ನನಗೋಸ್ಕರ ಎದ್ದು ನಿಂತೋರನ್ನ ಇವತ್ತೇ ನೋಡ್ತಿರೋದು."

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಟೈಲರಮ್ಮ ಕೋಣೆಯ ಗೋಡೆ ಪಕ್ಕದ ಉದ್ದ ಬೆಂಚಿನ ಮೇಲೆ, ನಡುವೆ, ಕೂತರು.

"ನಿಂತಿದ್ದು ಸಾಕು," ಎಂದರು. "ಬನ್ನಿ, ಇಲ್ಲಿ ಕೂತ್ಕೊಳ್ಳಿ."

ಒಬ್ಬೊಬ್ಬರು ಒಂದೊಂದು ಪಕ್ಕ ಕೂತೆವು.