ಮಗಳ ಮುಳ್ಳು, ನನ್ನ ಕತ್ತಿ

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮ ಕೇರಿಯ ಪುಟ್ಟು ನನ್ನ ಮುಖಕ್ಕೇ ಹೇಳಿದ್ದಾಳೆ. ಹೇಳಲಿ. ಅವಳ ಮನೆಯಲ್ಲಿ ಹೆಗ್ಗಣವಿದ್ದರೆ ನಾನೇನು ಮಾಡಲಿ? ನನ್ನ ಮಗಳು ಗಾಯತ್ರಿ ಮಳೆಗಾಲದ ಮಂಜಿನಲ್ಲಿ ಬೋಳುಗುಡ್ಡದ ತಲೆಗೆ ಜನರನ್ನು ಹತ್ತಿಸಿ ಇಳಿಸುವವಳು. ಅಂಕೋಲೆಯ ಈ ಸುತ್ತಿನಲ್ಲಿ ಅಂಥ ಇನ್ನೊಬ್ಬರಿದ್ದರೆ ಪುಟ್ಟು ತೋರಿಸಲಿ.

ಬೋಳುಗುಡ್ಡ ಇರುವುದು ನಮ್ಮ ಗದ್ದೆಯ ಹಿಂದೆಯೇ. ಬೇಸಿಗೆಯಲ್ಲಿ ಕಣ್ಣು ಮುಚ್ಚಿ ಹತ್ತುತ್ತೇವೆ. ಮಳೆಗಾಲದ ಮಾತು ಬೇರೆ. ಆಗ ಊರಿಗೆ ಊರೇ ನಾಟಿ ಗದ್ದೆಯಲ್ಲಿ ಬಗ್ಗಿರುತ್ತದೆ, ಗುಡ್ಡದ ಕಡೆ ಯಾರೂ ತಲೆ ಎತ್ತುವುದಿಲ್ಲ. ಕಾಡು ಮುಗಿದ ಮೇಲೆ ಮೇಲೆಲ್ಲ ಹುಲ್ಲಿನ ಬೇಣ. ಹುಲ್ಲು ಸೊಂಟದೆತ್ತರ ಬೆಳೆದು ಕಾಲುದಾರಿಯನ್ನು ನುಂಗುತ್ತದೆ, ಮಂಜು ಉಳಿದದ್ದನ್ನು ನುಂಗುತ್ತದೆ. ಮಳೆಗಾಲದ ಗುಡ್ಡ ನಮ್ಮೂರಿನ ಯಾರಿಗೂ ಗೊತ್ತಿಲ್ಲ ಎನ್ನುವುದು ಸತ್ಯ. ಒಪ್ಪಿಕೊಳ್ಳುವವರು ಮಾತ್ರ ಯಾರೂ ಇಲ್ಲ.

ಸದಾಶಿವಗಡದ ಕಿಶೋರ ಚಾರಣಕ್ಕೆ ಜನರನ್ನು ಕರೆತರುವ ಸಣ್ಣ ತಂಡ ನಡೆಸುತ್ತಾನೆ. ಈ ಮಳೆಗಾಲ ಬೋಳುಗುಡ್ಡಕ್ಕೆ ದಾರಿ ತೋರಿಸುವ ಕೆಲಸಕ್ಕೆ ಬೇಸಿಗೆಯಲ್ಲೇ ಬಂದು ಗಾಯತ್ರಿಯನ್ನು ಕೇಳಿದ. ಷರತ್ತು ಒಂದೇ. ಮೊದಲು ಅವನೊಬ್ಬನನ್ನು ಮಂಜಿನಲ್ಲಿ ತುದಿಯ ದೊಡ್ಡ ಬಂಡೆಗೆ ಮುಟ್ಟಿಸಿ ತೋರಿಸಬೇಕು. ಆಗದಿದ್ದರೆ ಗೋವಾದಿಂದ ಯಾರನ್ನೋ ಕರೆಸುತ್ತಾನಂತೆ. ಆಮೇಲೆ ನನ್ನ ಮಗಳು ಕೇರಿಯ ಉಳಿದ ಹುಡುಗಿಯರ ಹಾಗೆ ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಿ, ಮಾಜಾಳಿಯ ಗಡಿ ದಾಟಿ, ಗೋವಾದ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸಬೇಕು. ಅದೇನು ಕೆಟ್ಟ ಕೆಲಸವಲ್ಲ. ಆದರೆ ನಮ್ಮ ಗುಡ್ಡಕ್ಕೆ ಗೋವಾದವನು ದಾರಿ ತೋರಿಸುವುದು, ನಮ್ಮ ಹುಡುಗಿ ಗೋವಾಕ್ಕೆ ಹೋಗುವುದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ದಿಕ್ಕು ತೋರುವ ಸಾಧನ ಯಾವುದು ಬೇಕೋ ಆರಿಸಿಕೋ, ತಂಡದಿಂದ ಕೊಡಿಸುತ್ತೇನೆ ಎಂದು ಕಿಶೋರ ನಮ್ಮನ್ನು ಕಾರವಾರದ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದ. ಅಂಗಡಿಯವನು ಮೇಜಿನ ತುಂಬ ಹರವಿದ. ಬಣ್ಣದ ನಕಾಶೆ ಕಾಣುವ ದೊಡ್ಡದು, ಕೈಗೆ ಕಟ್ಟುವ ಗಡಿಯಾರದಂಥದು, ಹತ್ತಾರು ಗುಂಡಿಗಳಿದ್ದದ್ದು. ನನ್ನ ಕಣ್ಣು ಬಣ್ಣದ್ದರ ಮೇಲೇ ಇತ್ತು. ಗಾಯತ್ರಿ ಒಂದು ಲೋಟ ನೀರು ಕೇಳಿದಳು. ಕುಡಿಯಲಿಕ್ಕೆಂದು ನಾನು ತಿಳಿದರೆ, ಅವಳು ತನ್ನ ಮೊಬೈಲಿನಲ್ಲಿ ನಕಾಶೆ ತೆರೆದು, ಬೆರಳು ಅದ್ದಿ ಅದರ ಮೇಲೆ ಹನಿ ಬಿಟ್ಟಳು. ನಕಾಶೆ ತಾನಾಗಿ ಹಿಗ್ಗಿತು, ಕುಗ್ಗಿತು, ಕೊನೆಗೆ ಮುಚ್ಚಿಯೇ ಹೋಯಿತು. ಬಣ್ಣದ್ದೂ ಬೆರಳಿನಲ್ಲಿ ಮುಟ್ಟುವಂಥದೇ, ಅದನ್ನು ಪಕ್ಕಕ್ಕೆ ಸರಿಸಿದಳು. ಗುಂಡಿಯದು ಒಳ್ಳೆಯದೇ, ಆದರೆ ಬೆರಳು ಸೆಟೆದಾಗ ಯಾವ ಗುಂಡಿ ಯಾವುದಕ್ಕೆಂದು ನೆನಪಾಗಬೇಕಲ್ಲ, ನಡುದಾರಿಯಲ್ಲಿ ಬ್ಯಾಟರಿ ಸತ್ತರೆ ಏನು ಮಾಡುವುದು ಎಂದಳು. ಕೊನೆಗೆ ಆರಿಸಿದ್ದು ಅಂಗೈಯಗಲದ ಒಂದು ಕಂಪಾಸು. ಪ್ಲಾಸ್ಟಿಕ್ ಹಲಗೆ, ನಡುವೆ ಕೆಂಪು ಮುಳ್ಳು, ಅಷ್ಟೇ. ಕಾಲೇಜಿನಲ್ಲಿ ಎನ್‌ಸಿಸಿಗೆ ಹೋದಾಗ ಕಲಿತದ್ದು.

ಪುಕ್ಕಟೆ ಸಿಗುವಾಗ ಸಣ್ಣದನ್ನು ಆರಿಸುವವಳು ಇವಳೊಬ್ಬಳೇ ಎಂದು ನನಗೆ ಸಿಟ್ಟು ಬಂತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಅಂಗಡಿಯವನು ನಕ್ಕ. ಕೀರ್ತಿ ಗುಡ್ಡದ ಮೇಲೆ ನೋಡೋಣ ಎಂದೆ.

ಮಳೆ ಹಿಡಿದ ಮೇಲೆ, ಕಿಶೋರನನ್ನು ಹತ್ತಿಸಬೇಕಾದ ದಿನ ನಾನೂ ಹೊರಟೆ. ನಾಟಿ ಬಿಟ್ಟು ಎಲ್ಲಿಗೆ ಎಂದು ಪುಟ್ಟು ಕೇಳಿದಳು. ಮಗಳು ಗೆಲ್ಲುವುದನ್ನು ನೋಡಲಿಕ್ಕೆ ಎಂದೇ ಹೇಳಿದೆ, ಮುಚ್ಚಿಡುವುದೇನು? ನಮ್ಮಲ್ಲಿ ಕತ್ತಿ ಇಲ್ಲದೆ ಗುಡ್ಡ ಹತ್ತುವ ಪದ್ಧತಿಯಿಲ್ಲ. ಗಂಡನ ಕತ್ತಿಕೊಕ್ಕೆಯನ್ನು ಸೊಂಟಕ್ಕೆ ಕಟ್ಟಿ, ಅದರಲ್ಲಿ ಕತ್ತಿಯನ್ನು ಬೆನ್ನ ಹಿಂದೆ ಸಿಕ್ಕಿಸಿಕೊಂಡೆ.

ಕಾಡಿನ ದಾರಿಯಲ್ಲಿ ಬಳ್ಳಿ ಸವರುತ್ತ ನಾನೇ ಮುಂದಿದ್ದೆ. ದೊಡ್ಡ ಮತ್ತಿಮರದ ಹತ್ತಿರ ಕಾಡು ಮುಗಿದು ಬೇಣ ಶುರುವಾಯಿತು. ಅಲ್ಲಿಂದ ಮುಂದೆ ನಾಲ್ಕು ಮಾರು ಕಾಣಿಸುತ್ತಿರಲಿಲ್ಲ. ಬೇಸಿಗೆಯಲ್ಲೇ ಕಂಪಾಸಿನೊಂದಿಗೆ ಬಂದು ಒಂದೊಂದು ಗುರುತಿನಿಂದಲೂ ಬಂಡೆಯ ದಿಕ್ಕು ಹಿಡಿದು ಬಾಯಿಪಾಠ ಮಾಡಿಕೊಂಡಿದ್ದ ಗಾಯತ್ರಿ ಈಗ ಮುಂದಾದಳು. ಸ್ವಲ್ಪ ನಡೆಯುವುದು, ನಿಲ್ಲುವುದು, ಮುಳ್ಳು ನೋಡುವುದು. ಅವಳು ನಿಂತಾಗಲೆಲ್ಲ ನಾನು ಓಡಿಹೋಗಿ ಅವಳ ಭುಜಕ್ಕೆ ಭುಜ ತಾಗಿಸಿ ಬಗ್ಗಿ ನೋಡುತ್ತಿದ್ದೆ. ಸವರಿದ ಕತ್ತಿ ಕೈಯಲ್ಲೇ ಇತ್ತು. ನೋಡು, ಹೇಗೆ ಹಿಡಿಯುತ್ತಾಳೆ ಎಂದು ಕಿಶೋರನಿಗೂ ಹೇಳುತ್ತಿದ್ದೆ. ಅವನು ಹೌದು ಮಾದಕ್ಕ, ಹೌದು ಎನ್ನುತ್ತಿದ್ದ.

ಬಂಡೆ ಬರಬೇಕಾದ ಹೊತ್ತಿಗೆ ಬಂಡೆ ಬರಲಿಲ್ಲ. ಕೆಳಗೆಲ್ಲೋ ನೀರು ಧುಮುಕುವ ಸದ್ದು ಬಂತು. ಬಂಡೆಯ ಹತ್ತಿರ ನೀರಿಲ್ಲ ಎನ್ನುವುದು ನಮ್ಮೂರಿನ ಮಕ್ಕಳಿಗೂ ಗೊತ್ತು. ನಾವು ಹಳ್ಳದ ತಲೆಯ ಮೇಲೆ ನಿಂತಿದ್ದೆವು. ಇನ್ನೂ ನಾಲ್ಕು ಹೆಜ್ಜೆ ಹೋಗಿದ್ದರೆ ಹೆಣವಾಗುತ್ತಿದ್ದೆವು.

ಕಿಶೋರ ಮೊಬೈಲು ತೆಗೆದ. ಒದ್ದೆ ಬೆರಳಿಗೆ ಅದು ಜಗ್ಗಲಿಲ್ಲ. ಅವನು ತುಂಬ ಮರ್ಯಾದೆಯಿಂದಲೇ, ಇವತ್ತಿಗೆ ಸಾಕು, ಹಳ್ಳದ ಪಕ್ಕದಲ್ಲೇ ಇಳಿದುಬಿಡೋಣ ಎಂದ. ಆ ಮರ್ಯಾದೆಯೇ ನನಗೆ ಚುಚ್ಚಿತು. ಗೋವಾದ ಬಸ್ಸು ನನ್ನ ಎದೆಯ ಮೇಲೇ ಹಾದುಹೋದ ಹಾಗಾಯಿತು.

ಗಾಯತ್ರಿ ಒಬ್ಬಳೇ ಆಚೆ ಹೋಗಿ ನಿಂತು ಮುಳ್ಳು ನೋಡಿದಳು. ಸಮಾಧಾನ ಹೇಳೋಣವೆಂದು ನಾನು ಹತ್ತಿರ ಹೋದೆ. ಅವಳು ನನ್ನ ಮುಖ ನೋಡಿದಳು, ಮುಳ್ಳು ನೋಡಿದಳು.

"ಅವ್ವೀ, ಹಿಂದೆ ಹೋಗು."

ಪರರ ಎದುರು ಮಗಳು ಹಾಗೆ ಅಂದರೆ ಯಾವ ತಾಯಿಗೆ ಉರಿಯುವುದಿಲ್ಲ? ಆದರೂ ಹೋದೆ. ಈಗ ಬಾ ಎಂದಳು. ಬಂದೆ. ಮತ್ತೆ ಹಿಂದೆ ಕಳಿಸಿದಳು. ಕಿಶೋರ ಬಗ್ಗಿ ನೋಡಿದವನು ತಲೆ ಎತ್ತಲೇ ಇಲ್ಲ. ಅಕ್ಕಿ ಹಿಡಿದ ಕೈಯ ಹಿಂದೆ ಕೋಳಿ ತಿರುಗಿದ ಹಾಗೆ ಮುಳ್ಳು ನನ್ನ ಹಿಂದೆ ತಿರುಗುತ್ತಿತ್ತು.

"ಕಬ್ಬಿಣ," ಎಂದಳು ಗಾಯತ್ರಿ. "ಅವ್ವಿ ಕತ್ತಿ ಹಿಡ್ಕಂಡು ಹತ್ರ ಬಂದಾಗೆಲ್ಲ ಮುಳ್ಳು ಎಳೀತದೆ. ನಾ ಮೊದ್ಲೇ ನೋಡ್ಕಣಬೇಕಾಗಿತ್ತು."

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಮಗಳು ಗೆಲ್ಲುವುದನ್ನು ನೋಡಲು ಬಂದವಳು ಅವಳನ್ನು ಹಳ್ಳಕ್ಕೆ ಎಳೆದು ತಂದಿದ್ದೆ. ಕತ್ತಿಯನ್ನು ಪೊದೆಗೆ ಬೀಸಿ ಒಗೆಯಲು ಕೈ ಎತ್ತಿದೆ. ಅವಳು ತಡೆದಳು.

"ಕತ್ತಿ ಇರ್ಲಿ, ಇಳೂವಾಗ ಬೇಕು. ನೀನೂ ಇರ್ಬೇಕು. ರಾಶಿ ಹತ್ರ ಬ್ಯಾಡ, ದೂರ ಇರು, ಅಷ್ಟೇ."

ಆಮೇಲೆ ಅವಳು ಕಿಶೋರನ ಕಡೆ ತಿರುಗಿ, ಈ ಕಡೆಗೆ ಇಳಿಯುವ ಹಳ್ಳ ಇದೊಂದೇ, ಇದರ ತಲೆಯಿಂದ ಬಂಡೆ ನೇರ ಉತ್ತರಕ್ಕೆ ಎಂದಳು. ನಿನಗೆ ಖಾತ್ರಿಯಿದೆಯೇ ಎಂದು ಅವನು ಕೇಳಿದ. ಬೇಸಿಗೆಯಲ್ಲಿ ಇಲ್ಲಿಂದಲೂ ಹಿಡಿದು ನೋಡಿದ್ದೇನೆ ಎಂದಳು. ಹೊರಟೇಬಿಟ್ಟಳು. ಅವಳ ಹಿಂದೆ ಕಿಶೋರ, ಅವನಿಂದಲೂ ದೂರ, ಎಲ್ಲರಿಗಿಂತ ಕೊನೆಗೆ ನಾನು. ಮುಳ್ಳು ಕಾಣಿಸುತ್ತಿರಲಿಲ್ಲ. ಮಂಜಿನಲ್ಲಿ ಅವಳ ಕೆಂಪು ರೇನ್‌ಕೋಟು ಅಳಿಸಿ ಅಳಿಸಿ ಮೂಡುತ್ತಿತ್ತು, ಅದನ್ನೇ ನೋಡುತ್ತ ನಡೆದೆ. ಅವಳು ಬೆನ್ನು ಇಷ್ಟು ನೆಟ್ಟಗೆ ಇಟ್ಟು ನಡೆಯುತ್ತಾಳೆಂದು ಅಂಟಿಕೊಂಡು ನಡೆದಾಗ ನಾನು ಕಂಡೇ ಇರಲಿಲ್ಲ.

ಬಂಡೆ ಎದುರಿಗೇ ಬಂತು. ಎಡಕ್ಕಲ್ಲ, ಬಲಕ್ಕಲ್ಲ, ಮೂಗಿನ ನೇರಕ್ಕೆ. ಕಿಶೋರ ಅದರ ಮೇಲೆ ಕೈಯಿಟ್ಟು, ಮುಂದಿನ ಭಾನುವಾರ ಜನ ಬರುತ್ತಾರೆ ಗಾಯತ್ರಿ, ತಯಾರಿರು ಎಂದ. ನಾನು ದೂರದಲ್ಲೇ ನಿಂತು ಅತ್ತೆ. ಹೆಮ್ಮೆಗೆ ಅತ್ತದ್ದು, ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆ ಭಾನುವಾರ ನಾನು ಗುಡ್ಡಕ್ಕೆ ಹೋಗಲಿಲ್ಲ. ಗದ್ದೆಯಲ್ಲಿ ಪುಟ್ಟುವಿನ ಪಕ್ಕ ಸಸಿ ನೆಡುತ್ತಿದ್ದೆ. ಬದುವಿನ ಸೊಪ್ಪು ಕಡಿದ ಕತ್ತಿ ಸೊಂಟದಲ್ಲೇ ಇತ್ತು. ಮಧ್ಯಾಹ್ನ ದಾಟಿದ ಮೇಲೆ ಮಂಜಿನೊಳಗಿಂದ ಬಣ್ಣಬಣ್ಣದ ರೇನ್‌ಕೋಟುಗಳ ಸಾಲು ಸರಿಯಾಗಿ ಮತ್ತಿಮರದ ಬುಡಕ್ಕೇ ಇಳಿಯಿತು. ಎಲ್ಲಕ್ಕೂ ಮುಂದೆ ಕೆಂಪು.

ಪುಟ್ಟು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. "ನಿನ್ನ ಮಗ್ಳು ಅಲಾ ಮಾದಿ? ಒಂದ್ ಕೂಗು ಹಾಕು," ಎಂದಳು.

ನಾನು ಕೂಗಲಿಲ್ಲ. ಅಷ್ಟು ದೂರದಿಂದ ನನ್ನ ಕತ್ತಿ ಅವಳ ಮುಳ್ಳಿಗೆ ಏನೂ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಕೆಸರಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ನಿಂತೆ.