ಹನ್ನೆರಡು ದಿನ ನಿಂತ ಕೆಲಸ

ಮಹಾಮಾಯಾ ಔರಾದದ ಆಸ್ಪತ್ರೆಯಲ್ಲಿ ನರ್ಸ್. ಭಾಲ್ಕಿಯ ಬಾಡಿಗೆ ಮನೆಯಲ್ಲಿ ತಾಯಿ ಜಿಜಾಬಾಯಿಯೊಂದಿಗೆ ಇದ್ದುಕೊಂಡು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಊರಂಚಿನ ಪ್ಲಾಟಿನಲ್ಲಿ ಮನೆ ಕಟ್ಟಿಸಲು ಬೀದರದ ಗುತ್ತೇದಾರ ಫಕ್ರೋದ್ದೀನನಿಗೆ ಕೆಲಸ ಒಪ್ಪಿಸಿದ್ದಳು. ಕಿಟಕಿಯ ಮೇಲ್ಮಟ್ಟದವರೆಗೆ ಗೋಡೆಗಳು ಎದ್ದವು, ಅಲ್ಲಿಗೇ ನಿಂತವು. "ನಾಳಿ ಬರ್ತೇನ್ರಿ ಸಿಸ್ಟರ್, ನಾಡದ ಪಕ್ಕಾ" ಎನ್ನುತ್ತಲೇ ಅವನು ಐದು ತಿಂಗಳು ಕಳೆದ. ಆಮೇಲೆ ಫೋನೂ ಹತ್ತದಾಯಿತು.

ಬೀದರದಲ್ಲಿ ಅವಳಿಗೆ ಸಿಕ್ಕ ವಕೀಲೆ ಪ್ರಣಾಲಿ ಸುತ್ತಿ ಬಳಸಿ ಮಾತಾಡುವವಳಲ್ಲ.

"ಸಿವಿಲ್ ಕೋರ್ಟಿಗೆ ಹೋದ್ರ ವರ್ಷಗಟ್ಟಲೆ ಹಿಡಿತದ. ಪೊಲೀಸರ ಕಡಿ ಹೋದ್ರ, ಗುತ್ತೇದಾರಗ ಮೊದಲಿಂದನೇ ಮೋಸ ಮಾಡೋ ಮನಸ್ಸಿತ್ತು ಅಂತ ತೋರಸಬೇಕು. ಇದು ಹಂಗ ಕಾಣಲ್ರಿ. ಮೊದಲ ನೋಟಿಸ್ ಕೊಡೋಣ. ಹದಿನೈದ ದಿನದಾಗ ಬರ್ಲಿಲ್ಲಂದ್ರ ಗ್ರಾಹಕರ ಆಯೋಗ. ಅಲ್ಲಿತನಕಾ ಬ್ಯಾರೆ ಗೌಂಡಿ ಕೈ ಹಚ್ಚಬಾರದು. ಈಗ ಹ್ಯಾಂಗದನೋ ಹಂಗೇ ಫೋಟೋ ತಗೀರಿ, ಇಂಜಿನಿಯರ ಕಡಿಂದ ಬರಿಸಿ ತರ್ರಿ. ಮತ್ತ ನಿಮ್ಮಿಬ್ಬರ ನಡುವ ಆದ ಮಾತೆಲ್ಲಾ ನನಗ ಬೇಕು. ಎಲ್ಲಾ ಅಂದ್ರ ಎಲ್ಲಾ."

ಭಾಲ್ಕಿ ಬಸ್ಸಿನಲ್ಲಿ ಕೂತು ಮಹಾಮಾಯಾ ಫೋನಿನ ಹಳೆಯ ಸಂದೇಶಗಳನ್ನು ತೆಗೆದಳು. ಅಲ್ಲಿ ಫಕ್ರೋದ್ದೀನನಿಗೆ ಕಳಿಸಿದ್ದ ಅವಳದೇ ದನಿ ಸಿಕ್ಕಿತು. "ನಾ ಹೇಳುತನಕಾ ಕೆಲಸಾ ಬಂದ್ ಇಡ್ರಿ. ಒಂದ ಇಟ್ಟಂಗೀನೂ ಇಡಬ್ಯಾಡ್ರಿ."

ಅದು ಹೀಗಾಗಿತ್ತು. ಹಿಂದಿನ ಕೋಣೆಯ ಮೂಲೆಯಲ್ಲಿ ಎರೆಮಣ್ಣು ಕುಸಿದಿದೆ, ಗೋಡೆ ಒಡೆದು ಹೊಸದಾಗಿ ಕಟ್ಟಬೇಕು ಎಂದು ಫಕ್ರೋದ್ದೀನ ಹೇಳಿದ್ದ. ಇದು ಹಣ ಕೀಳುವ ಉಪಾಯ ಎಂದು ನೆಂಟರು ಕಿವಿಯೂದಿದ್ದರು. ಅವಳು ಸಿಟ್ಟಿನಲ್ಲಿ ಕೆಲಸ ನಿಲ್ಲಿಸಿದ್ದಳು. ಹನ್ನೆರಡು ದಿನದ ಮೇಲೆ ಅವಳೇ ಮತ್ತೆ ಕರೆದಾಗ, ಆಳುಗಳನ್ನು ಖಾಲಿ ಕೂಡಿಸಲಾಗದೆ ಅವನು ಬೀದರದಲ್ಲಿ ಬೇರೆ ಕೆಲಸ ಹಿಡಿದಿದ್ದ.

ಬಸ್ಸು ಹಾಲಹಳ್ಳಿಗೆ ಬರುವುದರೊಳಗೆ ಅವಳು ಆ ಸಂದೇಶವನ್ನು ಅಳಿಸಿಬಿಟ್ಟಳು. ವಾರದ ಮೇಲೆ ಇಂಜಿನಿಯರ ವರದಿ ಬಂತು. ಹಿಂದಿನ ಗೋಡೆಯನ್ನು ಒಡೆಯಲೇಬೇಕು ಎಂದು ಅದರಲ್ಲಿತ್ತು. ಫಕ್ರೋದ್ದೀನ ಹೇಳಿದ್ದೂ ಅದನ್ನೇ. ಅವಳು ವರದಿಯನ್ನು ಎರಡು ಸಲ ಓದಿ ಪ್ರಣಾಲಿಗೆ ಕಳಿಸಿದಳು. ನೋಟಿಸಿಗೆ ಉತ್ತರ ಬರಲಿಲ್ಲ. ಕಾರಣವಿಲ್ಲದೆ ಕೆಲಸ ಬಿಟ್ಟು ಹೋದರು ಎಂಬ ದೂರಿಗೂ ಅದರ ಜೊತೆಯ ಪ್ರಮಾಣಪತ್ರಕ್ಕೂ ಅವಳು ಸಹಿ ಹಾಕಿದಳು.

ಆಯೋಗದ ಮುಂದೆ ಫಕ್ರೋದ್ದೀನ ವಕೀಲರಿಲ್ಲದೆ ಒಬ್ಬನೇ ಬಂದ. ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ.

"ಕೆಲಸ ಅರ್ಧಕ್ಕ ಬಿಟ್ಟದ್ದು ಖರೇ ಏನ್ರಿ?" ಎಂದು ಅಧ್ಯಕ್ಷರು ಕೇಳಿದರು.

"ಖರೇ ಅದ ಸಾಬ್."

ಅವರು ಮಹಾಮಾಯಾಳತ್ತ ತಿರುಗಿದರು. "ನೀವೇನಾದ್ರೂ ನಿಲ್ಲಿಸಂತ ಹೇಳಿದ್ರೇನಮ್ಮ?"

"ಇಲ್ರಿ."

ಫಕ್ರೋದ್ದೀನ ತಲೆಯೆತ್ತಿ ಅವಳನ್ನು ನೋಡಿದ. ಈಗ ಹೇಳುತ್ತಾನೆ ಎಂದುಕೊಂಡಳು. ಅವನು ತಲೆ ತಗ್ಗಿಸಿದ. ಲಿಖಿತ ಉತ್ತರ ಕೊಡಲು ಅವನಿಗೆ ಸಮಯ ಕೊಟ್ಟು ದಿನಾಂಕ ಮುಂದೆ ಹಾಕಿದರು.

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. "ಕೇಸ್ ಗೆಲ್ತೀವಿ ಅಂದಾರಲ್ಲ, ಮತ್ತ್ಯಾಕ ಹಿಂಗ ಕೂತಿದಿ?" ಎಂದು ಜಿಜಾಬಾಯಿ ಕೇಳಿದರೆ ತಲೆನೋವೆಂದಳು.

ಆಸ್ಪತ್ರೆಯಲ್ಲಿ ಲಸಿಕೆ ಇಡುವ ಫ್ರಿಜ್ಜಿನ ಉಷ್ಣತೆಯನ್ನು ಮುಂಜಾನೆ, ಸಂಜೆ ನೋಡಿ ಬರೆಯಬೇಕು. ಒಂದು ದಿನ ಜೊತೆಯ ನರ್ಸ್ ಬಾಗಿಲು ಸಹ ತೆರೆಯದೆ ಅಂಕಿ ತುಂಬಿದ್ದನ್ನು ಮಹಾಮಾಯಾ ಕಂಡಳು. "ನೋಡಲ್ದೇ ಹ್ಯಾಂಗ ಬರೀತಿ? ಸುಳ್ಳ ಬರದು ಸಹಿ ಹಾಕ್ಲಿಕ್ಕೆ ನಿನಗ ನಾಚಿಕಿ ಬರಲ್ಲೇನು?" ಎಂದು ಎಲ್ಲರೆದುರು ಗದರಿದಳು. ಆ ಹುಡುಗಿಯ ಕಣ್ಣು ತುಂಬಿತು. ತನ್ನ ಮಾತು ತನ್ನ ಕಿವಿಗೇ ಬಿದ್ದು ಮಹಾಮಾಯಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅರ್ಧ ದಿನ ರಜೆ ಬರೆದುಕೊಟ್ಟು ಬೀದರದ ಬಸ್ಸು ಹತ್ತಿದಳು.

ಪ್ರಣಾಲಿ ಪೂರಾ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಮೊದಲೇ ಹೇಳಿದ್ರ ಏನೂ ಕೆಡ್ತಿರಲಿಲ್ರಿ. ನೀವು ನಿಲ್ಲಿಸಿದ್ದು ಹನ್ನೆರಡ ದಿನ. ಅವರು ಬರಲಾರದ್ದು ಐದ ತಿಂಗಳು. ಕೇಸ್ ನಿಮ್ಮ ಕಡೀನೇ ಇತ್ತು. ಈಗ ಪ್ರಮಾಣಪತ್ರದಾಗ ಸುಳ್ಳ ಕೂತದಲ್ಲ, ಅದೇ ತೊಂದರಿ."

ಬೇಕಿಲ್ಲದ ಸುಳ್ಳು. ಅದನ್ನು ತಿಳಿದ ಮೇಲೆ ಅವಳ ಸಂಕಟ ಇಮ್ಮಡಿಯಾಯಿತು.

ಮುಂದಿನ ದಿನಾಂಕದಂದು ಅವಳು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಅಧ್ಯಕ್ಷರು ಬಿರುಸಾಗಿಯೇ ಬೈದರು. ಬಳಿಕ ಇಬ್ಬರನ್ನೂ ರಾಜಿ ಮಾತುಕತೆಗೆ ಕಳಿಸಿದರು. ಮೂರು ತಿಂಗಳಲ್ಲಿ ಅವನು ಇಂಜಿನಿಯರ ಹೇಳಿದಂತೆ ಮನೆ ಮುಗಿಸುವುದು, ಒಡೆದು ಕಟ್ಟುವ ಖರ್ಚು ಅವಳದು, ಅವಳು ಪರಿಹಾರದ ಬೇಡಿಕೆ ಬಿಡುವುದು ಎಂದು ಬರೆದು ಇಬ್ಬರೂ ಸಹಿ ಹಾಕಿದರು.

ಫಕ್ರೋದ್ದೀನ ಮಾತಿಗೆ ತಪ್ಪಲಿಲ್ಲ. ಮುಂಜಾನೆ ಆಳುಗಳೊಂದಿಗೆ ಬಂದು ಸಂಜೆಗೆ ಹೋಗುತ್ತಿದ್ದ. ಜಿಜಾಬಾಯಿ ಕಳಿಸಿದ ಚಹಾ ಆಳುಗಳು ಕುಡಿಯುತ್ತಿದ್ದರು. ಅವನು ಮಾತ್ರ ದಿನವೂ ಈಗಷ್ಟೇ ಚಹಾ ಕುಡಿದು ಬಂದೆ ಎನ್ನುತ್ತಿದ್ದ. ಸ್ಲ್ಯಾಬ್ ಹಾಕಿದ ಮರುದಿನ ಮೇಲೆ ನೀರು ಬಿಡುತ್ತಿದ್ದವನ ಹತ್ತಿರ ಮಹಾಮಾಯಾ ಹೋದಳು.

"ಅವತ್ತ ನಾ ಇಲ್ಲಂದಾಗ ನೀವ್ಯಾಕ ಹೇಳ್ಲಿಲ್ರಿ, ಭಾಯಿ?"

"ಫೋನ್ ಬಿದ್ದು ಒಡದಿತ್ರಿ. ಪುರಾವಾ ಇಲ್ಲದ ಹೇಳಿದ್ರ ಯಾರ ನಂಬ್ತಿದ್ರು?" ಅವನು ಪೈಪನ್ನು ಆ ಕಡೆಗೆ ಎಳೆದ. "ಮತ್ತ, ನಿಮಗ ಗೊತ್ತಿತ್ತಲ್ರಿ."

"ನನ್ನಿಂದ ದೊಡ್ಡ ತಪ್ಪಾತ್ರಿ."

"ನಾನೂ ನಾಳಿ, ನಾಡದ ಅಂತ ಸುಳ್ಳ ಹೇಳಿದ್ನಲ್ರಿ" ಎಂದ ಅವನು. ಪೈಪು ಹಿಡಿದು ಸ್ಲ್ಯಾಬಿನ ಇನ್ನೊಂದು ತುದಿಗೆ ನಡೆದ.

ಮನೆ ಮುಗಿಯಿತು. ಹಿಂದಿನ ಗೋಡೆಯಲ್ಲಿ ಕೂದಲೆಳೆಯ ಬಿರುಕೂ ಇರಲಿಲ್ಲ. ಹೊಸ ಮನೆಯಲ್ಲಿ ಬುದ್ಧವಂದನೆ, ಊಟ ಇಟ್ಟುಕೊಂಡಾಗ ಕರೆಯಲು ಅವಳೇ ಬೀದರದ ಅವನ ಮನೆಗೆ ಹೋದಳು. ಅವನು ಕುರ್ಚಿ ಹಾಕಿ ಕೂಡಿಸಿ, ನೀರು ತರಿಸಿ, ಎಲ್ಲ ಕೇಳಿಕೊಂಡ.

"ಎಲ್ಲಿಯಾದ್ರೂ ಸೋರಿದ್ರ ಹೇಳ್ರಿ ಸಿಸ್ಟರ್, ಅವತ್ತೇ ಬರ್ತೇನಿ. ಊಟಕ್ಕ ಮಾತ್ರ ಬ್ಯಾಡ್ರಿ."

ಅವಳು ನೀರು ಕುಡಿದು, ಲೋಟವನ್ನು ಕೆಳಗಿಟ್ಟು, ಹೋಗಿ ಬರ್ತೇನ್ರಿ ಎಂದು ಎದ್ದಳು. ಅವನು ಗಲ್ಲಿಯ ತುದಿಯವರೆಗೆ ಬಂದು ಆಟೋ ನಿಲ್ಲಿಸಿ ಹತ್ತಿಸಿದ.